ಹುಳುಮನೆಯ ಟಿವಿ

ನಾನು ಮೂವತ್ತೆರಡು ಇಂಚಿನ ಒಂದು ಟಿವಿ. ಹುಟ್ಟಿದ್ದು ದೊಡ್ಡ ಕಾರ್ಖಾನೆಯೊಂದರ ಓಡುವ ಪಟ್ಟಿಯ ಮೇಲೆ. ಹಿಂದೆ ಮುಂದೆ ನನ್ನಂಥವೇ ನೂರಾರು ಸಾಲಾಗಿ ಬರುತ್ತಿದ್ದವು, ಹಾಗಾಗಿ ನನಗೆ ಅಣ್ಣ ಯಾರು ತಮ್ಮ ಯಾರು ಎಂದು ಇವತ್ತಿಗೂ ತಿಳಿಯದು. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಬೆನ್ನಿಗೆ ವೈರು ಚುಚ್ಚಿ, ಒಂದೊಂದೇ ಬಣ್ಣ ಹೊತ್ತಿಸಿ ನೋಡಿ, ಸರಿಯಿದೆ ಎಂದು ಚೀಟಿ ಅಂಟಿಸಿದಳು. ಅವಳು ನನ್ನನ್ನು ನೋಡಿದ್ದು ಅರ್ಧ ನಿಮಿಷವಿದ್ದೀತು. ಆಮೇಲೆ ಡಬ್ಬ, ಲಾರಿ, ಕತ್ತಲು.

ಕಣ್ಣು ಬಿಟ್ಟಾಗ ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರ ತಿಪ್ಪಯ್ಯನ ಕಟಿಂಗ್ ಶಾಪಿನ ಗೋಡೆಯ ಮೇಲಿದ್ದೆ. ಅಲ್ಲಿ ಆರು ವರ್ಷ ದುಡಿದೆ. ಕ್ಷೌರಕ್ಕೆ ಕೂತವರು ನನ್ನನ್ನು ಎದುರಿನ ಕನ್ನಡಿಯಲ್ಲಿ ನೋಡುತ್ತಿದ್ದರು. ಬ್ಯಾಟು ಹಿಡಿದವನು ಬಲಗೈಯವನೋ ಎಡಗೈಯವನೋ ಎಂಬ ಜಗಳ ದಿನಕ್ಕೊಂದಾದರೂ ಆಗುತ್ತಿತ್ತು. ಅಂಗಡಿಗೆ ಪಡುವಣ ದಿಕ್ಕಿನ ಗಾಜಿನ ಬಾಗಿಲು. ಮಧ್ಯಾಹ್ನ ಮೂರಾದರೆ ಬಿಸಿಲು ನೇರವಾಗಿ ನನ್ನ ಮುಖಕ್ಕೇ. ಆರು ಬೇಸಿಗೆ ಅದನ್ನು ತಿಂದು ತಿಂದು ನನ್ನೊಳಗಿನ ಬಿಳಿ ಮೆಲ್ಲಮೆಲ್ಲಗೆ ಹಳದಿಗೆ ತಿರುಗಿತು. ದಿನವೂ ನೋಡುವವರಿಗೆ ಅದು ಗೊತ್ತಾಗಲಿಲ್ಲ. ನನಗಂತೂ ಗೊತ್ತಾಗುವ ಬಗೆಯೇ ಇರಲಿಲ್ಲ, ನಾನು ನನ್ನನ್ನು ಯಾವತ್ತು ನೋಡಿಕೊಂಡಿದ್ದೇನೆ?

ತಿಪ್ಪಯ್ಯ ದೊಡ್ಡ ಟಿವಿ ತಂದ ದಿನ, ಗಡ್ಡ ಬೋಳಿಸಿಕೊಳ್ಳಲು ಬಂದಿದ್ದ ಬೈರೇಗೌಡ ನನ್ನನ್ನು ಕೊಂಡು, ಬೆಡ್‌ಶೀಟಿನಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಎಂಟು ಮೈಲಿ ದೂರದ ತನ್ನ ಹಳ್ಳಿಗೆ ಒಯ್ದ.

ಅವನಿಗೆ ನಾನು ಬೇಕಾಗಿದ್ದು ಸಿನಿಮಾ ನೋಡಲಿಕ್ಕಲ್ಲ. ಮನೆಯ ಹಿಂದೆ ಇಪ್ಪತ್ತು ಹೆಜ್ಜೆಗೆ ಅವರ ಹುಳುಮನೆ, ಎಂದರೆ ರೇಷ್ಮೆಹುಳು ಸಾಕುವ ಕೋಣೆ. ಒಂದು ಬೆಳೆ ರೋಗ ಬಂದು ಹೋಗಿತ್ತು. ಅದರ ಮುಂದಿನ ಬೆಳೆಯಲ್ಲಿ, ಕುರಿ ಕೇಳಲು ಬಂದ ಯಾರೋ ಒಬ್ಬ ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿ, ಜಾಲರಿ ಬಾಗಿಲು ತೆರೆದಿಟ್ಟು ಹೋದ. ಊಜಿ ನೊಣ ಹೊಕ್ಕಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ ಅದು. ಅರ್ಧಕ್ಕರ್ಧ ನಾಶವಾಯಿತು. ಅದಕ್ಕೇ ಬೈರೇಗೌಡ ಒಳಗೊಂದು ಕ್ಯಾಮೆರಾ ಕೂರಿಸಿ, ಅದರ ವೈರನ್ನು ಕಿಟಕಿಯಿಂದ ಎಳೆದು ತಂದು ನನಗೆ ಸಿಕ್ಕಿಸಿದ. ಸ್ಟ್ಯಾಂಡುಗಳ ಮೇಲೆ ಸಾಲಾಗಿಟ್ಟ ಹುಳುವಿನ ತಟ್ಟೆಗಳೂ, ಬಾಗಿಲಿಗೆ ಯಾರು ಬಂದರೂ ಅವರೂ ನನ್ನ ಮುಖದಲ್ಲಿ ಕಾಣಬೇಕು.

"ಈ ಸಲಾನೂ ಕೈ ಕೊಟ್ರೆ ತೋಟ ಕಿತ್ತಾಕಿ, ಕ್ವಾರಿ ಟಿಪ್ಪರ್ ಓಡ್ಸಕ್ ಹೋಗ್ತೀನಿ," ಎಂದ ವೈರು ಬಿಗಿಯುತ್ತ.

ಅವನ ಹೆಂಡತಿ ಅಂಬುಜಾಕ್ಷಿ ಎಂಟು ತಿಂಗಳ ಬಸುರಿ. ಬಾಗಿಲಿಗೆ ಒರಗಿ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಆರಿಸುತ್ತಿದ್ದಳು. "ನೀವು ಟಿಪ್ಪರ್ ಓಡ್ಸಿ. ಹುಳು ನಾನ್ ಸಾಕ್ತೀನಿ," ಎಂದಳು, ತಲೆಯೆತ್ತದೆ.

ಇನ್ನೂರು ಮೊಟ್ಟೆಯ, ಎಂದರೆ ಇನ್ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಬೆಳೆ ಇಳಿಸಿದರು. ಹುಳು ನಾಲ್ಕು ಸಲ ಊಟ ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಏಳೆಂಟು ದಿನ ಹಗಲಿರುಳು ತಿಂದು ಹಣ್ಣಾಗುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಹುಳು ನಾಲ್ಕನೆಯ ಜ್ವರದಿಂದ ಎದ್ದ ದಿನವೇ, ಲೆಕ್ಕಕ್ಕಿಂತ ಎರಡು ವಾರ ಮೊದಲು, ಅಂಬುಜಾಕ್ಷಿಗೆ ನೋವು ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣು ಕೂಸು. ಮೂರನೆಯ ದಿನ ಮನೆಗೆ ಬಂದಳು.

ಬಂದವಳು ಮೊದಲು ತಿರುಗಿದ್ದು ಹುಳುಮನೆಯ ಕಡೆಗೆ. ಅತ್ತೆ ಮುನಿವೆಂಕಟಮ್ಮ ಅಡ್ಡ ಬಂದಳು.

"ಹನ್ನೊಂದ್ ದಿನ ಆ ಕಡೆ ನೆರಳೂ ಬೀಳ್ಕೂಡದು. ಸೂತಕ."

"ನಿಮ್ಮ ಮಗ ಹೋಗ್ತಾ ಅವ್ರಲ್ಲ ಅತ್ತೆ?"

"ಗಂಡಸು, ತಲೆ ಮೇಲೆ ಎರಡು ಚೊಂಬು ನೀರು ಸುರ್ಕೊಂಡ್ರೆ ಮುಗೀತು."

"ಹೆತ್ತಿದ್ದಕ್ಕೆ ನಂಗೆ ಹನ್ನೊಂದು ದಿನ, ಅವ್ರಿಗೆ ಎರಡು ಚೊಂಬು," ಎಂದಳು ಅಂಬುಜಾಕ್ಷಿ. ಅಷ್ಟೇ. ಅತ್ತೆಯ ಜೊತೆ ವಾದ ಮಾಡುತ್ತ ಕೂತರೆ ಅದು ಮುಗಿಯುವುದರೊಳಗೆ ಹುಳುವೇ ಹಣ್ಣಾಗಿಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಗಂಡನನ್ನು ಕರೆದು, "ಆ ಟಿವಿ ತಂದು ನನ್ನ ಮಂಚದ ಪಕ್ಕ ಇಡಿ," ಎಂದಳು.

"ಬಾಣಂತಿ ಕಣ್ಣಿಗೆ ಟಿವಿ ಬೆಳಕು ಒಳ್ಳೇದಲ್ಲ," ಎಂದಳು ಅತ್ತೆ.

"ಅರೆಗಣ್ಣಲ್ಲಿ ನೋಡ್ತೀನಿ."

ಹೀಗೆ ನಾನು ಬಾಣಂತಿ ಕೋಣೆ ಸೇರಿದೆ. ನೆಲದ ಮೇಲೊಂದು ಟ್ರಂಕು, ಟ್ರಂಕಿನ ಮೇಲೆ ನಾನು. ಗೋಡೆಯ ಮೇಲಿಂದ ಬರೀ ನೆತ್ತಿಗಳನ್ನು ನೋಡಿದ್ದ ನನಗೆ ಈಗ ಕಾಣುತ್ತಿದ್ದುದು ಮೊಣಕಾಲು, ಸೀರೆಯ ಅಂಚು, ಬಿಸಿನೀರಿನ ತಪ್ಪಲೆ, ಸಾಂಬ್ರಾಣಿ ಹೊಗೆ. ಅಂಬುಜಾಕ್ಷಿ ತಲೆಗೆ ಬಟ್ಟೆ ಬಿಗಿದು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತ ಮಲಗಿರುತ್ತಿದ್ದಳು. ಗಂಡನ ಜೇಬಿನಲ್ಲಿ ಫೋನು, ಇವಳ ದಿಂಬಿನ ಮೇಲೆ ಇನ್ನೊಂದು. "ಎರಡನೇ ಸ್ಟ್ಯಾಂಡಿನ ಕೊನೆ ತಟ್ಟೆಗೆ ಸೊಪ್ಪು ಸಾಲ್ದು." "ಬಾಗಿಲು ಎಳ್ಕೊಳ್ಳಿ." ಅವನು ಎಳೆದುಕೊಳ್ಳುತ್ತಿದ್ದ.

ಒಮ್ಮೆ ಅವನು ಕಾಫಿ ಕುಡಿಯಲು ಕೋಣೆಗೆ ಬಂದಾಗ ನನ್ನ ಮುಖದ ಅರ್ಧ ಭಾಗವನ್ನು ಏನೋ ಬಾಲವಿರುವ ಪ್ರಾಣಿ ತುಂಬಿಕೊಂಡಿತ್ತು. "ಉಡ ಹೊಕ್ಕೈತೆ," ಎಂದು ದೊಣ್ಣೆ ಹಿಡಿದು ಓಡಿದ. ಸ್ವಲ್ಪ ಹೊತ್ತಿಗೆ, ದೊಣ್ಣೆ ಎತ್ತಿಕೊಂಡು ತಟ್ಟೆಗಳ ಸಂದಿಯಲ್ಲಿ ಹುಡುಕುವ ಬೈರೇಗೌಡನೂ, ಅವನ ತಲೆಯ ಮೇಲೆ ಕ್ಯಾಮೆರಾದ ಗಾಜಿಗೆ ಅಂಟಿ ಕೂತ ಹಲ್ಲಿಯೂ ಒಟ್ಟಿಗೇ ನನ್ನಲ್ಲಿ ಕಂಡರು. ಅಂಬುಜಾಕ್ಷಿ ಹೆತ್ತ ಹೊಟ್ಟೆ ನೋಯುತ್ತದೆಂದು ಹಿಡಿದುಕೊಂಡು ನಕ್ಕಳು.

ನಗುವ ದಿನ ಅದೊಂದೇ. ಹುಳು ಹಣ್ಣಾಗುವುದನ್ನು ಗುರುತಿಸುವುದೇ ಈ ಕೆಲಸದ ಜೀವ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುತ್ತುಗಳಿರುವ ಅಗಲ ತಟ್ಟಿಗೆ ಬಿಡಬೇಕು. ಬೇಗ ಬಿಟ್ಟರೆ ಹಸಿದು ಸಾಯುತ್ತದೆ, ತಡವಾದರೆ ಸೊಪ್ಪಿನ ಮೇಲೆಯೇ ನೂಲು ಕಾರಿ ಹಾಳು ಮಾಡುತ್ತದೆ. ಬೈರೇಗೌಡನಿಗೆ ಹೊರೆಗಟ್ಟಲೆ ಸೊಪ್ಪು ಹೊರುವ ಶಕ್ತಿಯಿತ್ತು, ಈ ಕಣ್ಣಿರಲಿಲ್ಲ. "ನಂಗೆ ಎಲ್ಲಾ ಹುಳಾನೂ ಒಂದೇ ಥರ," ಎಂದು ಅವನೇ ಹೇಳುತ್ತಿದ್ದ. ಮುನಿವೆಂಕಟಮ್ಮನದು ಮೂವತ್ತು ವರ್ಷ ಹುಳು ಸಾಕಿದ ಕೈ, ಸೊಸೆಗೆ ಕಲಿಸಿದವಳೂ ಅವಳೇ. ಆದರೆ ಅವಳ ಕಣ್ಣಿಗೆ ಮಬ್ಬು ಕವಿದು ನಾಲ್ಕು ವರ್ಷ. ಆಪರೇಶನ್ ಆದ ಮೇಲೂ ಬೆಳಕು ನೆರಳು ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಅಂದಿನಿಂದ ಅವಳು ಹುಳುಮನೆಯ ಮಾತೇ ಬಿಟ್ಟಿದ್ದಳು. ಉಳಿದವಳು ಅಂಬುಜಾಕ್ಷಿ ಒಬ್ಬಳೇ, ಅವಳಿಗೋ ನಾನೊಬ್ಬನೇ.

ಹೆರಿಗೆಯಾದ ಆರನೆಯ ದಿನ ಬೆಳಿಗ್ಗೆ ಅವಳು ಮೂರನೆಯ ಸ್ಟ್ಯಾಂಡನ್ನು ನೋಡಿದಳು. ಹಣ್ಣಾದ ಹುಳುವಿನ ಮೈ ಬಿಳಿ ಬಿಟ್ಟು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಬೆಳಕು ನೇರವಾಗಿ ಬೀಳುವ ಆ ಸ್ಟ್ಯಾಂಡಿನ ಹುಳುವೆಲ್ಲ ನನ್ನಲ್ಲಿ ಜೇನಾಗಿ ಕಂಡವು.

"ಹಣ್ಣಾಗವೆ. ಮೂರನೇದು ಪೂರ್ತಿ ತೆಗೀರಿ," ಎಂದಳು.

ಅವನು ಮಧ್ಯಾಹ್ನದ ತನಕ ಬೆನ್ನು ಬಗ್ಗಿಸಿ ಆರಿಸಿ ಚಂದ್ರಿಕೆಗೆ ಬಿಟ್ಟ. ಮರುದಿನ ಅವು ನೂಲು ಬಿಡಲಿಲ್ಲ. ಚಂದ್ರಿಕೆಯ ತುಂಬ ಸೊಪ್ಪು ಹುಡುಕಿ ಅಲೆದು, ನೆಲಕ್ಕೆ ಬಿದ್ದವು. ಬೈರೇಗೌಡ ಅವನ್ನು ಮೊರದಲ್ಲಿ ತುಂಬಿಕೊಂಡು ತಿಪ್ಪೆಗೆ ಹೋಗುವುದನ್ನು ನಾನೇ ಅವಳಿಗೆ ತೋರಿಸಬೇಕಾಯಿತು.

ಅವನು ಬೈಯಲಿಲ್ಲ. ಕೋಣೆಯ ಹೊಸ್ತಿಲಲ್ಲಿ ನಿಂತು, "ಕ್ವಾರಿಯೋನು ಫೋನ್ ಮಾಡಿದ್ದ," ಎಂದ.

ಅಂಬುಜಾಕ್ಷಿ ಎದ್ದು ಕೂತಳು. ಬಹಳ ಹೊತ್ತು ನನ್ನನ್ನು ನೋಡಿದಳು. ಹುಳುವನ್ನಲ್ಲ, ಅದರ ಹಿಂದಿನದನ್ನು.

"ಹಬ್ಬಕ್ಕೆ ಹುಳುಮನೆ ಗೋಡೆಗೆ ಏನ್ ಬಳಿದಿದ್ವಿ ನಾವು?"

"ಸುಣ್ಣ."

"ಇದ್ರಾಗೆ ನೋಡಿ. ಅರಿಸಿನ ಬಳಿದಂಗೈತೆ."

ಅವನು ಬಗ್ಗಿ ನೋಡಿದ. ನನ್ನ ಬದುಕಿನಲ್ಲಿ ಆ ಗಳಿಗೆಯಷ್ಟು ನಾಚಿಕೆ ಇನ್ನೆಂದೂ ಆಗಿಲ್ಲ. ಆರು ವರ್ಷದ ಬಿಸಿಲಿನ ಹಳದಿ ಅವಳ ಒಂದು ಸ್ಟ್ಯಾಂಡನ್ನು ತಿಂದಿತ್ತು.

"ಎತ್ತಿ ಬಿಸಾಕ್ರೋ ಅದನ್ನ," ಎಂದಳು ಅಡುಗೆಮನೆಯಿಂದ ಮುನಿವೆಂಕಟಮ್ಮ.

"ಬೇಡ," ಎಂದಳು ಅಂಬುಜಾಕ್ಷಿ. "ಬಣ್ಣ ಸುಳ್ಳು ಹೇಳ್ತು. ಸದ್ದು ಯಾಕ್ ಸುಳ್ಳು ಹೇಳುತ್ತೆ? ಆ ಕ್ಯಾಮೆರಾಗೆ ಕಿವಿ ಐತೋ ಇಲ್ವೋ?"

ಇತ್ತು. ಯಾರೂ ತೆರೆದಿರಲಿಲ್ಲ, ಅಷ್ಟೇ. ಬೈರೇಗೌಡ ರಿಮೋಟು ಒತ್ತಿ ಒತ್ತಿ ನನ್ನ ದನಿ ಏರಿಸಿದ. ಅಂಬುಜಾಕ್ಷಿ ತಲೆಯ ಬಟ್ಟೆ ಬಿಚ್ಚಿದಳು. ಕಿವಿಯ ಹತ್ತಿಯನ್ನು ಒಂದೊಂದಾಗಿ ಕಿತ್ತು ದಿಂಬಿನ ಪಕ್ಕ ಇಟ್ಟಳು. ಅತ್ತೆ ಬಾಗಿಲಿಗೆ ಬಂದಿದ್ದಳು. ಕಾಣದಿದ್ದರೂ ಅವಳಿಗೆ ತಿಳಿಯಿತು.

"ಹತ್ತಿ ತೆಗದ್ಯಾ? ಶೀತ ಏರಿದ್ರೆ ಜೀವಮಾನ ಪೂರ್ತಿ ತಲೆನೋವು ಕಣಮ್ಮಿ."

"ಜೀವಮಾನ ಪೂರ್ತಿ ಟಿಪ್ಪರ್ ಧೂಳು ಕುಡಿಯೋ ಬದಲು ತಲೆನೋವೇ ವಾಸಿ."

ಮರುದಿನ ಬೆಳಿಗ್ಗೆ ಹೊಸ ಬಗೆಯಲ್ಲಿ ಕೆಲಸ ಶುರುವಾಯಿತು. ಒಂದು ಸಲಕ್ಕೆ ಒಂದೇ ಸ್ಟ್ಯಾಂಡಿಗೆ ಸೊಪ್ಪು, ಅದೂ ಕ್ಯಾಮೆರಾವನ್ನು ಅದರ ಹತ್ತಿರ ಕಟ್ಟಿದ ಮೇಲೆ. ಹಾಕಿದವನು ಅಲ್ಲೇ ಕಂಬದಂತೆ ನಿಲ್ಲಬೇಕು. ಹಸಿದ ಹುಳು ಸೊಪ್ಪು ತಿನ್ನುವ ಸದ್ದನ್ನು ನಾನು ಅವತ್ತೇ ಮೊದಲು ನುಡಿದದ್ದು. ಮೊರದಲ್ಲಿ ಯಾರೋ ಮೆಲ್ಲಗೆ ರಾಗಿ ಆಡಿಸಿದ ಹಾಗೆ. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ.

"ಮೊದಲ್ನೇದು?" ಫೋನಿನಲ್ಲಿ ಪಿಸುಗುಟ್ಟಿದ ಬೈರೇಗೌಡ.

"ಇನ್ನೂ ತಿಂತಾ ಅವೆ. ಬಿಡಿ. ಎರಡನೇದಕ್ಕೆ ಹಾಕಿ."

ಎರಡನೆಯದರ ಸದ್ದು ಏಳುವ ಹೊತ್ತಿಗೆ ಕೂಸು ಕಿರುಚಲು ಹಿಡಿಯಿತು. ಅಂಬುಜಾಕ್ಷಿ ಒಂದು ಕೈಯಲ್ಲಿ ಕೂಸನ್ನು ತಟ್ಟುತ್ತ, ಒಂದು ಕಿವಿಯನ್ನು ನನ್ನ ಕಡೆಗೆ ಚಾಚಿದಳು. ಕೇಳುತ್ತಿಲ್ಲ. ಕೂಸು ಮತ್ತೂ ಜೋರು ಮಾಡಿತು. ಆಗ ಮುನಿವೆಂಕಟಮ್ಮ ಗೋಡೆ ತಡವುತ್ತ ಒಳಗೆ ಬಂದಳು. ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಾಳೆಂದು ನಾನು ಎಣಿಸಿದೆ. ಆದರೆ ಅವಳು ಕೂಸನ್ನು ಎದೆಗೊತ್ತಿಕೊಂಡು ನನ್ನ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ಸೆರಗಿನ ತುದಿಯನ್ನು ಕೂಸಿನ ಬಾಯಿಗೆ ಕೊಟ್ಟು ಸುಮ್ಮನಾಗಿಸಿ, ನನ್ನ ಪಕ್ಕಕ್ಕೇ ಕಿವಿ ಇಟ್ಟಳು. ಅವಳ ಕಿವಿಯೋಲೆ ನನ್ನ ಅಂಚಿಗೆ ಟಣ್ಣೆಂದಿತು.

"ಒಂದ್ ಕಡೆ ತಿಂತಾ ಅವೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಇನ್ನೊಂದ್ ಕಡೆ ನಿಂತೈತೆ."

"ಅಷ್ಟು ಗೊತ್ತಾಗುತ್ತಾ ಅತ್ತೆ?"

"ಕ್ಯಾಮೆರಾ ಬಲಗಡೆಗೆ ಸರ್ಸಕ್ಕೆ ಹೇಳು. ಆಮೇಲೆ ನೀನೇ ಕೇಳು."

ಬೈರೇಗೌಡ ಸರಿಸಿದ. ರಾಗಿ ಆಡುವ ಸದ್ದು ತೆಳುವಾಯಿತು, ನಿಂತೇ ಹೋಯಿತು. ನನ್ನ ಮುಖದಲ್ಲಿ ಬಲಗಡೆಯ ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹತ್ತಿ ತಲೆಯೆತ್ತಿ ತೂಗುತ್ತಿದ್ದವು. ಅದರಲ್ಲಿ ನಾನು ಸುಳ್ಳು ಹೇಳಲಾರೆ, ಚಲನೆಗೆ ಬಣ್ಣವಿಲ್ಲ. ಅತ್ತೆ ಕೇಳಿದ್ದನ್ನು ಸೊಸೆ ನೋಡಿದಳು.

"ಎರಡನೇದ್ರ ಬಲಗಡೆ ತೆಗೀರಿ," ಎಂದಳು ಅಂಬುಜಾಕ್ಷಿ. "ಎಡಗಡೆ ಸಂಜೆಗೆ."

ಎರಡು ದಿನ ಹೀಗೇ ನಡೆಯಿತು. ಒಂದೊಂದೇ ಸ್ಟ್ಯಾಂಡು, ಒಂದೊಂದೇ ಬದಿ. ಹೆಂಗಸರಿಬ್ಬರೂ ಸರದಿಯ ಮೇಲೆ ಉಂಡರು. ಹನ್ನೊಂದನೆಯ ದಿನ ಪುರೋಹಿತರು ಬಂದು ಪುಣ್ಯಾಹ ಮಾಡುವ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಏರಿತ್ತು. ತಲೆಗೆ ಸ್ನಾನ ಮಾಡಿ ಅಂಬುಜಾಕ್ಷಿ ನೇರವಾಗಿ ಹುಳುಮನೆಗೆ ನಡೆದಳು. ಅವಳು ಚಂದ್ರಿಕೆಯ ಮುಂದೆ ನಿಂತು, ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದ್ದು ನನ್ನಲ್ಲಿ ಕಂಡಿತು. ಗಟ್ಟಿಯಿತ್ತು. ಒಂದು ಸ್ಟ್ಯಾಂಡು ಹೋದರೂ ಉಳಿದ ಬೆಳೆ ಕೈಗೆ ಬಂತು. ಕ್ವಾರಿಯವನ ಫೋನು ಮತ್ತೆ ಬಂದಾಗ ಬೈರೇಗೌಡ, "ಇಲ್ಲಣ್ಣ, ಸೊಪ್ಪು ಕೊಯ್ಬೇಕು," ಎಂದು ಇಟ್ಟ.

ಇದೆಲ್ಲ ಆಗಿ ಐದು ವರ್ಷ. ನನಗೆ ವಯಸ್ಸಾಯಿತು. ಮೊದಲು ಮೂಲೆಯಲ್ಲೊಂದು ಕಪ್ಪು ಮಚ್ಚೆ ಬಂತು, ಅದು ಹರಡಿತು, ಕಳೆದ ಯುಗಾದಿಗೆ ಚಿತ್ರ ಪೂರ್ತಿ ಹೋಯಿತು. ಹಜಾರಕ್ಕೆ ಹೊಸ ಟಿವಿ ಬಂದಿದೆ, ಅದರಲ್ಲಿ ಸುಣ್ಣ ಸುಣ್ಣದಂತೆಯೇ ಕಾಣುತ್ತದಂತೆ. ಗುಜರಿಯವನು ಎರಡು ಸಲ ನನ್ನನ್ನು ಕೇಳಿಕೊಂಡು ಬಂದ. ಅವನನ್ನು ಸಾಗಹಾಕಿದವಳು ಮುನಿವೆಂಕಟಮ್ಮ. ಈಗ ನಾನು ಅವಳ ಕೋಣೆಯಲ್ಲಿ, ಅವಳ ಚಾಪೆಯ ಪಕ್ಕದಲ್ಲಿದ್ದೇನೆ. ನನ್ನಲ್ಲಿ ಉಳಿದಿರುವುದು ದನಿಯೊಂದೇ. ಬೆಳೆ ನಾಲ್ಕನೆಯ ಜ್ವರದಿಂದ ಎದ್ದಿತೆಂದರೆ ಅವಳು ಬೆಳಗಾಗುತ್ತಲೇ ನನ್ನ ಮುಂದೆ ಕೂರುತ್ತಾಳೆ. ಅವಳು ನಿಂತಿದೆ ಎನ್ನುವ ತನಕ ಈ ಮನೆಯಲ್ಲಿ ಯಾರೂ ಒಂದು ಹುಳುವನ್ನೂ ಎತ್ತುವುದಿಲ್ಲ. ಒಂದೊಂದು ಸಲ ಅನಿಸುತ್ತದೆ, ನೋಡಲೆಂದೇ ನನ್ನನ್ನು ಮಾಡಿದರು, ಆದರೆ ನನ್ನ ನಿಜವಾದ ಉಪಯೋಗ ತಿಳಿದದ್ದು ನೋಡಲಾರದ ಒಬ್ಬಳಿಗೆ.

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ಮಜ್ಜಿಗೆಗೆಂದು ಬಂದವಳು, ಕಪ್ಪು ಗಾಜಿನ ಮುಂದೆ ಕೂತ ಮುದುಕಿಯನ್ನು ನೋಡಿ ನಿಂತಳು.

"ಏನ್ ಮಾಡ್ತಾ ಇದೀಯ ಮುನಿವೆಂಕಟಕ್ಕ, ಒಬ್ಳೇ ಕೂತ್ಕೊಂಡು?"

ಮುನಿವೆಂಕಟಮ್ಮ ಕೈಯೆತ್ತಿ ಅವಳನ್ನು ತಡೆದಳು.

"ಸದ್ದು ಮಾಡ್ಬೇಡ, ಟಿವಿ ನೋಡ್ತಾ ಇವ್ನಿ."