ಗಡಿಯಾರದ ಬೆನ್ನಿಗೆ ಮೆತ್ತಿದ ವಿಭೂತಿ

"ಅತ್ತಿ, ಇದ್ದೀಯಾ?"

ಫೋನು ಎತ್ತಿದ ಕೂಡಲೇ ವಚನಾ ಕೇಳಿದ ಮೊದಲ ಮಾತು ಇದು. ಎಲ್ಲಿದ್ದೀ ಅಂತಲ್ಲ, ಹೇಗಿದ್ದೀ ಅಂತಲ್ಲ, ಇದ್ದೀಯಾ ಅಂತ. ಕಾಶಿಯಲ್ಲಿ ಬಂದು ಕೂತ ಮುದುಕಿಗೆ ಕೇಳಬಾರದ ಪ್ರಶ್ನೆಯೇನಲ್ಲ. ಆದರೂ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಬಹಳ ಹೊತ್ತು ಬೇಕಾಗುವುದಿಲ್ಲ.

"ಇಲ್ಲವ್ವಾ, ಹೋಗೇನಿ. ನನ್ನ ದೆವ್ವ ಫೋನ್ ಎತ್ತೇತಿ" ಅಂದೆ.

"ಚಾಷ್ಟಿ ಮಾಡಬ್ಯಾಡ ಅತ್ತಿ. ನಿನ್ನ ವಾಚು ನಿನ್ನಿಯಿಂದ ನನಗ ಏನೂ ತೋರಸವಲ್ದು. ನಾಡಿ ಇಲ್ಲ, ನಡಿಗಿ ಇಲ್ಲ, ನಿದ್ದಿ ಇಲ್ಲ. ನನ್ನ ಎದಿ ಒಡದ ಹೋಗಿತ್ತು."

ನಾನು ಬಲಗೈ ನೋಡಿಕೊಂಡೆ. ಎಡಗೈ ಲಿಂಗಪೂಜೆಗೆ ಬೇಕು ಅಂತ ಗಡಿಯಾರವನ್ನು ಬಲಗೈಗೇ ಕಟ್ಟಿಕೊಳ್ಳುತ್ತೇನೆ. ಅದು ಅಲ್ಲೇ ಇತ್ತು, ವೇಳೆಯನ್ನು ಸರಿಯಾಗಿಯೇ ತೋರಿಸುತ್ತಿತ್ತು. ಫೋನಿನಲ್ಲಿ ಅದರ ಆ್ಯಪ್ ತೆರೆದರೆ ಮಾತ್ರ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಗಡಿಯಾರವೂ ಫೋನೂ ಜಗಳಾಡಿಕೊಂಡು ಮಾತು ಬಿಟ್ಟಂತಿತ್ತು.

ಖರೇ ಹೇಳಬೇಕೆಂದರೆ ಆ ಸಿಟ್ಟು ತೋರಿಕೆಯದು. ಶಿವರಾತ್ರಿ ಆದ ಮೇಲೆ ಅವಳ ದನಿ ಕೇಳಿದ್ದು ಅದೇ ಮೊದಲು. ನನಗೆ ಆದ ಸಂತೋಷ ಹೇಳತೀರದು.

ವಚನಾ ನನ್ನ ಅಣ್ಣನ ಮಗಳು. ಕೊಪ್ಪಳದಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೆ ಔಷಧಿ ಅಂಗಡಿ ಇಟ್ಟಿದ್ದಾಳೆ. ಅಣ್ಣ ಬೇಗ ಹೋದ, ನನಗೆ ಮಕ್ಕಳಾಗಲಿಲ್ಲ, ಹೀಗಾಗಿ ಅವಳು ಬೆಳೆದದ್ದು ನನ್ನ ಮಡಿಲಲ್ಲೇ. ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ನಾನು ಊರಿನವರೆಲ್ಲರ ಟ್ರಂಕ್ ಕಾಲ್ ಕೂಡಿಸಿಕೊಟ್ಟು ನಿವೃತ್ತಳಾದೆ. ಗಂಡ ತೀರಿಕೊಂಡ ಮೇಲೆ ಕಾಶಿಗೆ ಬಂದು, ಗೋದೌಲಿಯಾದ ಹಿಂದಿನ ಓಣಿಯಲ್ಲಿರುವ ನಮ್ಮ ಕಡೆಯವರ ಮಠದಲ್ಲಿ ಒಂದು ಕೋಣೆ ಹಿಡಿದೆ.

ಕಾಶೀವಾಸಕ್ಕೆ ಹೊರಡುವವರು ಬಂಧುಬಳಗಕ್ಕೆ ಊಟ ಹಾಕಿಸಿ, ಒಬ್ಬೊಬ್ಬರ ಕೈಹಿಡಿದು "ತಪ್ಪಾಗಿದ್ದರ ಹೊಟ್ಟ್ಯಾಗ ಹಾಕ್ಕೋರಿ" ಎಂದು ಹೇಳಿ ಹೊರಡುವುದು ನಮ್ಮ ಮನೆತನದ ಪದ್ಧತಿ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ನಾನು ಜಂಬಕ್ಕೆ ಬಿದ್ದು, "ಇನ್ನ ನಾನಾಗೇ ಯಾರಿಗೂ ಫೋನ್ ಮಾಡಂಗಿಲ್ಲ. ಋಣ ಹರಕೊಂಡು ಹೊಂಟೇನಿ" ಅಂದುಬಿಟ್ಟೆ. ನಾಕು ಮಂದಿಯ ಮುಂದೆ ಆಡಿದ ಮಾತು. ಕೆಲವರು ಕಣ್ಣೊರೆಸಿಕೊಂಡರು, ಒಬ್ಬರು ಕಾಲಿಗೂ ಬಿದ್ದರು. ಇನ್ನು ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ವಚನಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಸಂಜೆ ತಾನೇ ಫೋನ್ ಮಾಡುತ್ತಿದ್ದಳು. "ಊಟ ಆತನ ಅತ್ತಿ? ಮೊಣಕಾಲು ಹ್ಯಾಂಗೈತಿ?" ನಾನು ಗದರುತ್ತಿದ್ದೆ, "ಸಂಸಾರ ಬಿಟ್ಟು ಬಂದಾಕೀನ ಮತ್ತ ಯಾಕ ಎಳೀತೀಯವ್ವಾ?" ಎಂದು. ಹಾಗೆ ಗದರುವುದಕ್ಕಾಗಿಯೇ ಮಧ್ಯಾಹ್ನದಿಂದ ಫೋನು ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಿದ್ದೆ.

ಹೋದ ದೀಪಾವಳಿಗೆ ಬಂದವಳು ನನ್ನ ಕೈಗೆ ಈ ಗಡಿಯಾರ ಕಟ್ಟಿದಳು. ನಾನು ಎಷ್ಟು ನಡೆದೆ, ಎಷ್ಟು ಮಲಗಿದೆ, ಎದೆ ಹೇಗೆ ಬಡಿಯಿತು, ಎಲ್ಲವನ್ನೂ ಇದು ನನ್ನ ಫೋನಿಗೆ ಹೇಳುತ್ತದೆ. ನನ್ನ ಫೋನು ಕೊಪ್ಪಳದಲ್ಲಿರುವ ಅವಳ ಫೋನಿಗೆ ಹೇಳುತ್ತದೆ. "ನೀ ಆರಾಮ ಇದ್ದೀ ಅನ್ನೋದು ಇನ್ನ ನನಗ ಕುಂತಲ್ಲೇ ಗೊತ್ತಾಗ್ತೇತಿ. ದಿನಾ ಫೋನ್ ಮಾಡಿ ನಿನಗ ತ್ರಾಸ ಕೊಡಂಗಿಲ್ಲ" ಅಂದಳು.

ತ್ರಾಸಂತೆ! ನಾನು ಗದರಿದ್ದನ್ನು ಹುಡುಗಿ ನಿಜವೆಂದು ನಂಬಿಬಿಟ್ಟಿದ್ದಳು.

ಮೊದಲು ಫೋನು ದಿನ ಬಿಟ್ಟು ದಿನ ಬಂತು. ಆಮೇಲೆ ಸೋಮವಾರಕ್ಕೊಮ್ಮೆ. ಆಮೇಲೆ ಹಬ್ಬಕ್ಕೆ. ಗಡಿಯಾರ ಅಷ್ಟು ನಿಷ್ಠೆಯಿಂದ ಚಾಡಿ ಹೇಳುತ್ತಿರುವಾಗ ನನ್ನನ್ನು ಕೇಳುವ ದರ್ದು ಯಾರಿಗಿದೆ? ನಾನು ಬೆಳಿಗ್ಗೆ ಬಂಗಾಲಿ ಟೋಲಾದ ಓಣಿ ಹಿಡಿದು ಕೇದಾರಘಾಟಿಗೆ ಹೋಗುತ್ತಿದ್ದೆ, ಮೆಟ್ಟಿಲಲ್ಲಿ ಕೂತು ಬರುತ್ತಿದ್ದೆ. ಮಠದಲ್ಲಿ ಊಟ, ಕೋಣೆಯಲ್ಲಿ ನಿದ್ದೆ. ಪಕ್ಕದ ಕೋಣೆಯ ಬಸವಣ್ಣೆಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಕೆಲವು ದಿನ ರಾತ್ರಿ ಹಾಸಿಗೆಗೆ ಹೋಗುವಾಗ, ಇವತ್ತು ಯಾರ ಹತ್ತಿರವೂ ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲವಲ್ಲ ಎಂದು ನೆನಪಾಗುತ್ತಿತ್ತು.

ಹೀಗಿರುವಾಗ ಗಡಿಯಾರ ಕೆಟ್ಟಿತು. ವಚನಾ ಫೋನ್ ಮಾಡಿದಳು. ಅದನ್ನು ಸರಿಮಾಡುವ ಕೆಲಸ ಶುರುವಾಯಿತು.

"ಅತ್ತಿ, ಮ್ಯಾಲಿಂದ ಕೆಳಗ ಬಟ್ಟು ಎಳಿ. ಬ್ಲೂಟೂತ್ ಅಂತ ಇರ್ತೇತಿ. ಬಂದ್ ಮಾಡು."

"ಮಾಡಿದೆ."

"ಈಗ ಚಾಲೂ ಮಾಡು. ಏನ್ ಬಂತು?"

"ಅದ ಚಕ್ರ. ತಿರಗಾಕತ್ತೇತಿ."

"ತಿರಗಲಿ. ತಡಿ, ಗಿರಾಕಿ ಬಂದಾರ."

ನಾನು ತಡೆದೆ. ಆ ಕಡೆ ಯಾರೋ ಜ್ವರದ ಗುಳಿಗೆ ಕೇಳುತ್ತಿದ್ದರು, ಹೊಸಪೇಟೆ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ, ಧನ್ಯಾ "ಮಮ್ಮೀ, ಹಲ್ಲು ಅಳ್ಳಾಡಾಕತ್ತೇತಿ" ಎಂದು ರಾಗ ತೆಗೆಯುತ್ತಿದ್ದಳು. ಧನ್ಯಾ ವಚನಾಳ ಮಗಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನೆಲ್ಲ ಕೇಳಿಸಿಕೊಂಡೆ. ಚಕ್ರ ಬೇಕಾದಷ್ಟು ತಿರುಗಲಿ, ನನಗೇನು ಅವಸರವಿರಲಿಲ್ಲ.

ಮರುದಿನ ಫೋನನ್ನೇ ಆರಿಸಿ ಹೊತ್ತಿಸಿದ್ದಾಯಿತು. ಅದರ ಮರುದಿನ ಆ್ಯಪ್ ಅಳಿಸಿ ಮತ್ತೆ ಹಾಕಿದ್ದಾಯಿತು. ಅದು ಪಾಸ್‌ವರ್ಡ್ ಕೇಳಿತು. ನನಗೂ ನೆನಪಿಲ್ಲ, ಅವಳಿಗೂ ನೆನಪಿಲ್ಲ. ಹುಡುಕುವಷ್ಟರಲ್ಲಿ ಜೋಳದ ಧಾರಣೆ, ಮೇಲಿನ ಮನೆಯವರ ಲಗ್ನ, ಅವಳ ಗಂಡನ ಸೊಂಟನೋವು ಎಲ್ಲ ಮಾತಿಗೆ ಬಂದವು. ಗಡಿಯಾರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದರ ಹಟ ನೋಡಿ ನನಗೆ ಅದರ ಮೇಲೆ ಪ್ರೀತಿಯೇ ಬಂತು.

ಕೊನೆಗೆ ವಚನಾ ಸೋತು, "ಮಠದಾಗ ಯಾರರ ಇದ್ದರ ಫೋನ್ ಕೊಡು" ಅಂದಳು. ಕೋಣೆಗಳ ಉಸ್ತುವಾರಿ ನೋಡುವ ವಿಶ್ವಾರಾಧ್ಯರು ಅಂಗಳದಲ್ಲೇ ಇದ್ದರು. ಇಲ್ಲೇ ಹುಟ್ಟಿ ಬೆಳೆದವರು. ಕನ್ನಡದಲ್ಲಿ ಹೊರಟು ನಡುದಾರಿಯಲ್ಲಿ ಹಿಂದಿ ಹತ್ತಿಬಿಡುತ್ತಾರೆ. ಅವಳ ಮಾತು ಕೇಳಿ, ತಮ್ಮ ನಂಬರನ್ನೂ ಕೊಟ್ಟು, "ಫಿಕರ್ ಮಾಡಬ್ಯಾಡ್ರಿ ಬೆಹನ್‌ಜಿ, ನಾ ದುಕಾನ್‌ಗೆ ಒಯ್ತೀನ್ರಿ" ಅಂದರು. ಒಯ್ದೇ ಬಿಟ್ಟರು.

ಗೋದೌಲಿಯಾ ಚೌಕದ ಜನಜಂಗುಳಿಯಲ್ಲಿ ರಿಕ್ಷಾಗಳ ನಡುವೆ ತೂರಿಕೊಂಡು ಒಂದು ಗೂಡಿನಂಥ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ದೀಪಕ ಗಡಿಯಾರ ಬಿಚ್ಚಿಸಿಕೊಂಡು ತಿರುಗಿಸಿ ನೋಡಿದವನೇ ನಕ್ಕ.

"ಮಾತಾಜಿ, ಇಸ್‌ಮೇ ತೋ ಭಭೂತ್ ಭರಾ ಹೈ!"

ನೋಡಿದರೆ ನಿಜ. ಗಡಿಯಾರದ ಬೆನ್ನೆಲ್ಲ ಬೆಳ್ಳಗೆ ಗಾರೆ ಮೆತ್ತಿದಂತಾಗಿತ್ತು. ನಾವು ವಿಭೂತಿಯನ್ನು ನೀರಲ್ಲಿ ಕಲಸಿ ಹಣೆಗೆ, ತೋಳಿಗೆ, ಮಣಿಕಟ್ಟಿಗೂ ಮೂರು ಬೆರಳಿನಲ್ಲಿ ಎಳೆದುಕೊಳ್ಳುವವರು. ಅದು ಆರುವ ಮೊದಲೇ ನಾನು ಗಡಿಯಾರ ಕಟ್ಟುತ್ತಿದ್ದೆ. ದಿನದಿನವೂ ಕೂತ ವಿಭೂತಿ ಚಾರ್ಜಿನ ಎರಡು ಮೊಳೆಗಳನ್ನು ಮುಚ್ಚಿತ್ತು. ಚಾರ್ಜು ಏರುತ್ತಿರಲಿಲ್ಲ. ಶಕ್ತಿ ಸಾಲದ ಗಡಿಯಾರ ವೇಳೆ ತೋರಿಸುವಷ್ಟನ್ನು ಉಳಿಸಿಕೊಂಡು, ಫೋನಿನೊಡನೆ ಮಾತು ನಿಲ್ಲಿಸಿತ್ತು. ದೀಪಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕೌಂಟರಿನ ಗಾಜಿನ ಮೇಲೆ ಉದುರಿದ ವಿಭೂತಿಯನ್ನು ಬೆರಳಲ್ಲಿ ಒತ್ತಿ ತನ್ನ ಹಣೆಗೆ ಹಚ್ಚಿಕೊಂಡ. ಎಷ್ಟು ಒತ್ತಾಯಿಸಿದರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಸ್ವಲ್ಪ ಚಾರ್ಜು ಏರಿದ್ದೇ ತಡ, ಚಕ್ರ ನಿಂತಿತು. ಹಸಿರು ಗುರುತು ಬಂತು. ಕೊಪ್ಪಳದಿಂದ ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಅಂದು ಸಂಜೆ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಚೆನ್ನಾಗಿದ್ದೇನೆಂದು ಗಡಿಯಾರ ಹೇಳುತ್ತಿತ್ತು. ನಾನು ಚೆನ್ನಾಗಿರಲಿಲ್ಲ. ಧನ್ಯಾಳ ಹಲ್ಲು ಬಿತ್ತೋ ಇಲ್ಲವೋ ಎಂಬ ಒಂದೇ ಯೋಚನೆ ಮಾಡಿಕೊಂಡು ಕೇದಾರಘಾಟಿನ ಮೆಟ್ಟಿಲಲ್ಲಿ ಕೂತಿರುತ್ತಿದ್ದೆ. ಕೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಆದರೆ ಋಣ ಹರಿದುಕೊಂಡು ಬಂದವಳಲ್ಲವೇ ನಾನು! ಹಲ್ಲಿಗಾಗಿ ಫೋನ್ ಮಾಡಿದರೆ ಮಾನ ಉಳಿಯುತ್ತದೆಯೇ?

ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ವಿಭೂತಿ ಕಲಸಿದ್ದು ಸ್ವಲ್ಪ ಹೆಚ್ಚಾಯಿತು. ಹೆಚ್ಚಾಯಿತು ಅನ್ನುವುದೇಕೆ, ಹೆಚ್ಚು ಮಾಡಿದೆ. ಮಣಿಕಟ್ಟಿಗೆ ದಪ್ಪಗೆ ಎಳೆದು ಹಸಿಹಸಿಯಾಗಿಯೇ ಗಡಿಯಾರ ಬಿಗಿದೆ. ಶಿವನಿಗೆ ಒಂದು ಪಾಲಾದರೆ ಗಡಿಯಾರಕ್ಕೆ ಎರಡು ಪಾಲು. ಅವನು ಬೇಸರ ಮಾಡಿಕೊಳ್ಳಲಾರ ಅಂದುಕೊಂಡೆ. ಸ್ಮಶಾನದಲ್ಲಿ ಒಬ್ಬನೇ ಇರುವವನಿಗೆ ನನ್ನ ಪಾಡು ಗೊತ್ತಾಗದೆ ಇರುತ್ತದೆಯೇ?

ಕೆಲವೇ ದಿನಗಳಲ್ಲಿ ಚಕ್ರ ತಿರುಗತೊಡಗಿತು. ಸಂಜೆ ಫೋನು ಬಂತು.

"ಮತ್ತ ಕೆಟ್ಟೇತೇನ ಅತ್ತಿ?"

"ಕೆಟ್ಟೇತಿ ನೋಡವ್ವಾ. ಏನ್ ಮಾಡಲಿ, ಹೇಳು" ಅಂದೆ, ಏನೂ ತಿಳಿಯದವಳ ಹಾಗೆ.

ಬಂದ್ ಮಾಡಿದೆ, ಚಾಲೂ ಮಾಡಿದೆ. ಧನ್ಯಾಳ ಹಲ್ಲು ಬಿದ್ದಿತ್ತು. ಅವಳು ಅದನ್ನು ಅಂಗಡಿಯ ಮಾಡಿನ ಮೇಲೆ ಎಸೆಯುವ ಬದಲು ಪಕ್ಕದ ಹೋಟೆಲಿನ ಮೇಲೆ ಎಸೆದಿದ್ದಳಂತೆ. ಇನ್ನು ತನ್ನ ಹೊಸ ಹಲ್ಲು ಹೋಟೆಲಿನವರಿಗೆ ಬರುತ್ತದೆ ಎಂದು ಅತ್ತು ರಂಪ ಮಾಡಿದಳಂತೆ. ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಫೋನಿಟ್ಟ ಮೇಲೂ ಒಬ್ಬಳೇ ನಗುತ್ತಿದ್ದೆ. ಮರುದಿನ ಬ್ರಷ್ಷಿನಿಂದ ತಿಕ್ಕಿ ಗಡಿಯಾರ ಸರಿಮಾಡಿದೆ. ವಾರ ಕಳೆಯುವುದರೊಳಗೆ ಮತ್ತೆ ಮೆತ್ತಿದೆ.

ಚಕ್ರ ತಿರುಗಿದ ದಿನ ಮಧ್ಯಾಹ್ನದಿಂದಲೇ ತಯಾರಾದೆ. ಕೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸೊಂಟನೋವು ಹೇಗಿದೆ, ಲಗ್ನಕ್ಕೆ ಯಾರು ಯಾರು ಬಂದಿದ್ದರು, ಹೊಸ ಹಲ್ಲು ಕಂಡಿತೇ. ಸಂಜೆಯಾಯಿತು. ಘಾಟಿನ ಕಡೆಯಿಂದ ಆರತಿಯ ಗಂಟೆ ಕೇಳಿತು. ಫೋನು ಸುಮ್ಮನಿತ್ತು. ಬಾಗಿಲು ಬಡಿದ ಸದ್ದಾಯಿತು.

ವಿಶ್ವಾರಾಧ್ಯರು ಕಿವಿಗೆ ಫೋನು ಹಿಡಿದುಕೊಂಡೇ ನಿಂತಿದ್ದರು. ಇಣುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಂ ಬೆಹನ್‌ಜಿ, ಕೂತಾರ್ರಿ. ಏಕ್‌ದಮ್ ಠೀಕ್ ಅದಾರ. ಹಾಂ, ವಾಚ್ ನಾಳೆ ಒಯ್ತೀನ್ರಿ." ಫೋನು ಜೇಬಿಗಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮ ವಚನಾ ಅವರು, ಅಮ್ಮಾರೆ. ವಾಚ್ ಮತ್ತ ಬಂದ್ ಅದ ಅಂತ ಪರೇಶಾನ್ ಆಗಿದ್ರು. ನಾ ಹೇಳೀನಿ, ನೀವು ಠೀಕ್ ಅದೀರಿ ಅಂತ."

"ನನಗ ಫೋನ್ ಕೊಡ್ರಿ ಅನಲಿಲ್ಲೇನ್ರೀ ಆಕಿ?"

"ಅಂಗಡ್ಯಾಗ ಗಿರಾಕಿಗಳ ಭೀಡ್ ಅದ ಅಂತ್ರಿ."

ಅವರು ಮೆಟ್ಟಿಲಿಳಿದು ಹೋದರು. ಪಾಪ, ಒಳ್ಳೆಯ ಮನುಷ್ಯ. ನಾನು ಬಾಗಿಲು ಮುಂದೆ ಮಾಡಿ ಹಾಸಿಗೆಯ ಮೇಲೆ ಕೂತೆ. ಆಗಿನ ಕಾಲದಲ್ಲಿ ಲೈನು ಸರಿಯಿಲ್ಲದಾಗ ಆಪರೇಟರುಗಳಾದ ನಾವೇ ನಡುವೆ ನಿಂತು ಸುದ್ದಿ ದಾಟಿಸುತ್ತಿದ್ದೆವು. "ಆರಾಮ ಅದಾರಂತ್ರೀ, ಕಾಳಜಿ ಮಾಡಬ್ಯಾಡ್ರಂತ." ಅಷ್ಟಕ್ಕೇ ಆ ಕಡೆಯವರು ಇಟ್ಟುಬಿಡುತ್ತಿದ್ದರು. ಈಗ ನನ್ನ ವಿಷಯವೂ ಹಾಗೆ ದಾಟಿಹೋಯಿತು. ನನ್ನ ಬಾಯಿಂದ ಒಂದು ಮಾತೂ ಹೊರಡದೆ ನಾನು ಆರಾಮಾಗಿರುವುದು ಕೊಪ್ಪಳಕ್ಕೆ ಮುಟ್ಟಿತ್ತು. ನನಗೆ ಅಳು ಬಂತು. ನೋಡುವವರು ಯಾರೂ ಇಲ್ಲದ್ದರಿಂದ ಸಂಕೋಚವಿಲ್ಲದೆ ಅತ್ತೆ.

ಆಮೇಲೆ ಬ್ರಷ್ ತೆಗೆದುಕೊಂಡು ಗಡಿಯಾರದ ಬೆನ್ನು ತಿಕ್ಕಿದೆ. ಒಂದು ಕಣವೂ ಉಳಿಯದಂತೆ ತಿಕ್ಕಿದೆ. ಚಾರ್ಜಿಗಿಟ್ಟು, ಹಸಿರು ಗುರುತು ಬಂದ ಮೇಲೆ ಕೈಗೆ ಕಟ್ಟಿಕೊಂಡೆ. ಫೋನು ತೆಗೆದು, ಕಾಶಿಗೆ ಬಂದ ಮೇಲೆ ಮೊದಲ ಸಲ, ವಚನಾಳ ನಂಬರು ನಾನೇ ಒತ್ತಿದೆ.

"ಅತ್ತಿ?" ಅವಳ ದನಿಯಲ್ಲಿ ಗಾಬರಿಯಿತ್ತು. "ಏನಾತು? ವಾಚು ಈಗ ಸರಿ ತೋರಸಾಕತ್ತೇತಲ್ಲ?"

"ವಾಚು ಸರಿ ಐತಿ. ಅದರ ಬೆನ್ನಿಗೆ ವಿಭೂತಿ ಮೆತ್ತಿ ನಾನ ಬೇಕಂತ ಕೆಡಿಸಿದ್ದೆ."

"ಯಾಕ?"

"ಅದು ಸರಿ ಇದ್ದರ ನೀ ಫೋನ್ ಮಾಡಂಗಿಲ್ಲ, ಅದಕ್ಕ." ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. "ನನ್ನ ನಾಡೀನೂ ಸರಿ ಐತಿ, ನಡಿಗೀನೂ ಸರಿ ಐತಿ. ನಾ ಸರಿ ಇಲ್ಲ ವಚನಿ. ನನಗ ಇಲ್ಲೆ ಒಬ್ಬಾಕೀಗೆ ಇರಾಕ ಆಗವಲ್ದು."

ಆ ಕಡೆ ಬಸ್ಸಿನ ಹಾರ್ನ್ ಕೇಳಿತು. ಯಾರೋ ಕೆಮ್ಮಿನ ಔಷಧಿ ಕೇಳಿದರು, ಮತ್ತೊಮ್ಮೆ ಜೋರಾಗಿ ಕೇಳಿದರು. ಈಗ "ತಡಿ ಅತ್ತಿ" ಅನ್ನುತ್ತಾಳೆ ಅಂದುಕೊಂಡೆ.

"ಸ್ವಲ್ಪ ನಿಲ್ರಿ ಯಣ್ಣಾ" ಅಂದಳು ವಚನಾ. ಅವಳ ದನಿ ಒದ್ದೆಯಾಗಿತ್ತು. "ನಮ್ಮತ್ತಿ ಫೋನ್ ಮಾಡ್ಯಾಳ." ಕುರ್ಚಿ ಎಳೆದು ಕೂತ ಸದ್ದಾಯಿತು. "ಹೇಳ ಅತ್ತಿ."

ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಇವತ್ತ ಮಠದಾಗ ಬ್ಯಾಳಿಗೆ ಉಪ್ಪು ಹೆಚ್ಚಾಗಿತ್ತು" ಅಂದೆ.