ನಮ್ದು ಒಂದು

ಮಗಳ ಹೆರಿಗೆಗೆಂದು ಹದಿನೈದು ದಿನ ಅಂಗಡಿ ಬಿಟ್ಟು ಹೋಗಿದ್ದೆ. ಅಷ್ಟರಲ್ಲಿ ನನ್ನ ತಮ್ಮ ಅದಕ್ಕೊಂದು ಬೋರ್ಡು ಹಾಕಿಸಿದ್ದ.

ಬಸ್ಸಿಳಿದು ಬಂದರಿನ ಕಡೆ ನಡೆದು ಬರುವಾಗ ದೂರದಿಂದಲೇ ಕಂಡಿತು. ಹಳದಿ ಹಲಗೆ, ಕೆಂಪು ಅಕ್ಷರ: ‘ಬಡವರ ತಲೆಸಾರು’. ಅದರ ಕೆಳಗೆ ಸಣ್ಣದಾಗಿ ‘ಮೀನುಗಾರರ ಹಸಿವಿನ ರುಚಿ’. ಪಕ್ಕದಲ್ಲಿ ನಮ್ಮಲ್ಲಿ ದಿನವೂ ಊಟಕ್ಕೆ ಬರುವ ಬಲೆ ಮಾವನ ದೊಡ್ಡ ಫೋಟೋ. ಮೀನಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೆನ್ನೆ ಒಳಗೆಳೆದುಕೊಂಡು ಹೀರುತ್ತಿದ್ದಾರೆ. ಗಡ್ಡದ ತುದಿಯಲ್ಲಿ ಸಾರಿನ ಹನಿ. ಮನುಷ್ಯ ತನ್ನವರ ಮುಂದೆ ಮಾತ್ರ ಬಿಡುವ ಮುಖ ಅದು. ಅದನ್ನು ನನ್ನ ತಮ್ಮ ಬೀದಿಗೆ ಅಂಟಿಸಿದ್ದ.

ನಮ್ಮ ಅಂಗಡಿಯಲ್ಲಿ ಇರುವುದು ಎರಡು ಬೆಂಚು, ಒಂದು ಒಲೆ, ಒಂದು ದೊಡ್ಡ ಪಾತ್ರೆ. ಬೆಳಿಗ್ಗೆ ದೋಣಿಗಳು ಬಂದು, ಹರಾಜು ಮುಗಿದು, ಮೀನು ಕತ್ತರಿಸುವ ಮೇಜಿನಿಂದ ತಲೆಗಳು ನನ್ನ ಬುಟ್ಟಿಗೆ ಬೀಳುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಜಜ್ಜಿದ ಕಾಳುಮೆಣಸು, ಕೊನೆಗೆ ಒಂದಿಷ್ಟು ನಿಂಬೆರಸ. ಮೆತ್ತಗೆ ಬೆಂದ ಅನ್ನದ ಮೇಲೆ ಸುರಿದರೆ ಆಯಿತು. ಅಮ್ಮನ ಕಾಲದಿಂದಲೂ ಅದಕ್ಕೆ ಹೆಸರಿಲ್ಲ. ಬಂದವರು ಕೈ ತೊಳೆದು ಕೂತು ‘ನಮ್ದು ಒಂದು’ ಅನ್ನುತ್ತಾರೆ, ನಾನು ಬಡಿಸುತ್ತೇನೆ. ಉಪ್ಪು ಮಾತ್ರ ಕಡಿಮೆ ಹಾಕುತ್ತೇನೆ. ದೋಣಿಯವರ ತುಟಿಯ ಮೇಲೆ ಸಮುದ್ರದ ಉಪ್ಪು ಇದ್ದೇ ಇರುತ್ತದೆ. ದಿನವಿಡೀ ದಡದಲ್ಲಿ ಕೂತು ಹರಿದ ಬಲೆ ಹೊಲಿಯುವ ಬಲೆ ಮಾವನಿಗೆ ಅದು ಸಪ್ಪೆ. ‘ಉಪ್ಪೇನು ಬೀಗರ ಮನೆಗೆ ಹೋಗಿದೆಯಾ ಮಗಳೇ?’ ಎಂದು ದಿನವೂ ರೇಗುತ್ತಾರೆ. ಅವರ ತಟ್ಟೆಗೆ ನಾನು ದಿನವೂ ಒಂದು ಚಿಟಿಕೆ ಬೇರೆಯಾಗಿ ಉದುರಿಸುತ್ತೇನೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ.

ನಾನು ಒಳಗೆ ಬಂದಾಗ ಬೆಂಚಿನ ಮೇಲೆ ಗುರುತಿಲ್ಲದ ನಾಲ್ಕು ಜನ ತಟ್ಟೆಯ ಫೋಟೋ ತೆಗೆಯುತ್ತಿದ್ದರು. ದೋಣಿಯವರು ಒಬ್ಬರೂ ಇಲ್ಲ.

ತಮ್ಮ ಹಲ್ಲು ಕಿರಿದು ನಿಂತಿದ್ದ. “ಹೆಂಗಿದೆ ಅಕ್ಕಾ ಬೋರ್ಡು? ಎಲ್ಲೆಲ್ಲಿಂದಲೋ ಜನ ಹುಡುಕ್ಕೊಂಡು ಬರ್ತಿದಾರೆ!”

“ನಮ್ಮವರು ಎಲ್ಲಿ?”

“ಬರ್ತಾರೆ ಬಿಡು. ಎಲ್ಲಿಗೆ ಹೋಗ್ತಾರೆ?”

ಮೂಲೆಯಲ್ಲಿ ಮೀನಿನ ತಲೆ ತೊಳೆಯುತ್ತಿದ್ದ ಕತ್ತಿಯಕ್ಕ, ಅಂದರೆ ನಮ್ಮ ಮೀನು ಕತ್ತರಿಸುವವಳು, ತಲೆ ಎತ್ತದೆ ಹೇಳಿದಳು. “ಬೋರ್ಡು ಏರಿದ ದಿನ ಬಲೆ ಮಾವ ಬಂದ್ರು. ನಿಂತು ಓದಿದ್ರು. ಹೋದ್ರು. ಅವತ್ತಿಂದ ಒಬ್ರೂ ಕಾಲಿಟ್ಟಿಲ್ಲ.”

“ನೀನು ಇವನಿಗೆ ಹೇಳ್ಲಿಲ್ವಾ?”

“ಹೇಳ್ದೆ. ನನ್ನ ತಲೆ ತಿನ್ಬೇಡ ಅಂದ. ಇಲ್ಲಿ ಮಾರೋದೇ ತಲೆ ಕಣಪ್ಪಾ ಅಂದೆ. ನಗು ಬರ್ಲಿಲ್ಲ ಸಾಹೇಬ್ರಿಗೆ.”

ನನಗೂ ನಗು ಬರಲಿಲ್ಲ. ಡಬ್ಬಿಯಲ್ಲಿ ಅನ್ನ ಹಾಕಿ, ಇದ್ದುದರಲ್ಲಿ ದೊಡ್ಡ ತಲೆ ಆರಿಸಿ ಇಟ್ಟು, ಸಾರು ಸುರಿದು, ಒಂದು ಚಿಟಿಕೆ ಉಪ್ಪು ಉದುರಿಸಿ, ಮುಚ್ಚಳ ಹಾಕಿಕೊಂಡು ಹೊರಟೆ.

ಬಲೆ ಮಾವ ತಮ್ಮ ತಗಡಿನ ಶೆಡ್ಡಿನಲ್ಲಿ ಹಸಿರು ಬಲೆಯ ರಾಶಿಯ ಮಧ್ಯೆ ಕಾಲು ಚಾಚಿ ಕೂತಿದ್ದರು. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದರು. ಪಕ್ಕದಲ್ಲಿ ಚಹಾ, ಒಣ ಬ್ರೆಡ್ಡಿನ ಎರಡು ತುಂಡು. ಹಲ್ಲು ಕಡಿಮೆಯಾದವರ ಊಟ. ನನ್ನನ್ನು ನೋಡಿದರು. ಡಬ್ಬಿಯನ್ನೂ ನೋಡಿದರು.

“ಮಗು ಹೆಂಗಿದೆ?”

“ಚೆನ್ನಾಗಿದೆ ಮಾವ. ಊಟ ತಂದಿದೀನಿ.”

“ಯಾಕೆ, ಬಡವರಿಗೆ ಹಂಚ್ತಾ ಇದೀಯಾ?”

ಚಾಚಿದ್ದ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡೆ.

“ನಾನು ಎಷ್ಟು ದೋಣಿಗೆ ಬಲೆ ಕಟ್ಟಿಕೊಟ್ಟಿದೀನಿ ಗೊತ್ತಾ?” ಸೂಜಿ ನಿಲ್ಲಿಸದೆ ಹೇಳಿದರು. “ಇಡೀ ಮೀನು ಬೇಕು ಅಂದ್ರೆ ಯಾವ ದೋಣಿಯವನೂ ಇಲ್ಲ ಅನ್ನಲ್ಲ. ತಲೆ ನಂಗೆ ಇಷ್ಟ, ತಿಂತಿದ್ದೆ. ಈಗ ಮೊಮ್ಮಗಳು ಶಾಲೆಯಿಂದ ಬಂದು ಕೇಳ್ತಾಳೆ, ತಾತ, ನೀನು ಹಸ್ಕೊಂಡು ಇರ್ತೀಯಾ ಅಂತ. ಏನು ಹೇಳ್ಲಿ?”

“ಮಾವ, ನಂಗೆ ಗೊತ್ತಿರ್ಲಿಲ್ಲ.”

“ಅಂಗಡಿ ನಿಂದೇ ತಾನೇ?”

ಡಬ್ಬಿ ಇಟ್ಟು ಬರಲೂ ಧೈರ್ಯ ಬರಲಿಲ್ಲ. ವಾಪಸ್ಸು ಬರುವಾಗ ಸಾರು ಬಿಸಿಯಾಗಿಯೇ ಇತ್ತು. ಅದಕ್ಕಿಂತ ನನ್ನ ಮೈ ಬಿಸಿಯಾಗಿತ್ತು. ಇವತ್ತು ಮಾವನನ್ನು ಕಳೆದುಕೊಂಡರೆ ನಾಳೆ ಆ ಬೆಂಚಿನ ಮೇಲೆ ನಮ್ಮವರು ಅನ್ನುವವರು ಯಾರೂ ಕೂರುವುದಿಲ್ಲ. ಆಮೇಲೆ ನಾನು ಯಾರಿಗಾಗಿ ಒಲೆ ಹಚ್ಚಲಿ? ಫೋಟೋಗಳಿಗಾ?

ಬಂದವಳೇ ಸ್ಟೂಲು ಎಳೆದು ಹತ್ತಿದೆ. ಬೋರ್ಡಿಗೆ ನಾಲ್ಕು ಮೊಳೆ. ಎರಡನ್ನು ಸೌಟಿನ ಹಿಡಿಯಿಂದ ಮೀಟಿ ತೆಗೆದೆ. ಮೂರನೆಯದು ಬರಲಿಲ್ಲ, ಸೌಟು ಬಗ್ಗಿತು.

“ಅಕ್ಕಾ! ತಲೆ ಕೆಟ್ಟಿದೆಯಾ ನಿಂಗೆ?”

“ಬಡವರು ಅಂತ ಯಾರನ್ನ ಅಂದೆಯೋ?”

“ತಲೆ ತಿನ್ನೋರು ಮತ್ತೆ ಸಾಹುಕಾರ್ರಾ? ಬಂದವರಿಗೆ ಕಥೆ ಬೇಕು ಅಕ್ಕಾ. ಹೆಸರೇ ಇಲ್ಲದ್ದನ್ನ ಅವರು ಏನಂತ ಕೇಳ್ಬೇಕು?”

“ಅಪ್ಪ ಮೀನಿನ ಮೈ ಮಾರಿ ತಲೆ ಮನೆಗೆ ತರ್ತಿದ್ದದ್ದು ಯಾಕೆ ಗೊತ್ತಾ ನಿಂಗೆ? ರುಚಿ ಎಲ್ಲಿದೆ ಅಂತ ಗೊತ್ತಿದ್ದಕ್ಕೆ! ತಲೆಯಲ್ಲಿರೋ ಕೆನ್ನೆ ಮಾಂಸ ಯಾರಿಗೆ ಅಂತ ನೀನೂ ನಾನೂ ಕೂದಲು ಎಳೆದಾಡಿ ಜಗಳ ಆಡ್ಲಿಲ್ವಾ? ನಾವು ಹಸಿದು ಸಾಯ್ತಿದ್ವಾ ಆಗ?”

ಚಿಕ್ಕವನಿದ್ದಾಗ ಆ ಜಗಳದಲ್ಲಿ ಗೆಲ್ಲುತ್ತಿದ್ದವನು ಅವನೇ.

“ಮಾವನ ಫೋಟೋ ತೆಗೆಯೋವಾಗ ಕೇಳಿದ್ಯಾ?”

“ಅವರು ಕಣ್ಣು ಮುಚ್ಕೊಂಡಿದ್ರು.”

“ಅದಕ್ಕೇ ಕೇಳ್ಬೇಕಿತ್ತು ಕಣೋ, ಮಂಕೇ!”

ಕತ್ತಿಯಕ್ಕ ಎದ್ದು ಬಂದು ತನ್ನ ಭಾರದ ಕತ್ತಿಯ ಹಿಂಭಾಗವನ್ನು ಹಲಗೆಯ ಸಂದಿಗೆ ತೂರಿಸಿ ಒಂದೇ ಸಲ ಮೀಟಿದಳು. ಉಳಿದ ಎರಡು ಮೊಳೆಯೂ ಕಿತ್ತು ಬಂದವು. ಬೆಂಚಿನಲ್ಲಿದ್ದ ನಾಲ್ವರು ಮೆಲ್ಲಗೆ ಎದ್ದು ಕೈ ತೊಳೆದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. “ಊಟ ಮುಗಿಸಿ, ಕೂತ್ಕೊಳ್ಳಿ. ಫೋಟೋ ಮಾತ್ರ ಬೇಡ” ಎಂದೆ. ಕೂತರು. ಹೆದರಿಕೆಗೋ ರುಚಿಗೋ ನನಗೆ ತಿಳಿಯದು.

ಫೋಟೋವನ್ನು ಹರಿಯದ ಹಾಗೆ ಬಿಡಿಸಿ ಸುರುಳಿ ಸುತ್ತಿ ತಮ್ಮನ ಕೈಗೆ ಕೊಟ್ಟೆ. “ನೀನೇ ಹೋಗಿ ಕೊಡು. ತಪ್ಪಾಯ್ತು ಅನ್ನು. ‘ಆದ್ರೆ’ ಅನ್ನೋ ಮಾತು ಬಾಯಿಂದ ಬಂದ್ರೆ ಅಲ್ಲೇ ಇದ್ಬಿಡು, ಇಲ್ಲಿಗೆ ಬರ್ಬೇಡ.”

ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಿವಿ ಕೆಂಪಗಿತ್ತು. ಕೈಯಲ್ಲಿ ಫೋಟೋ ಇರಲಿಲ್ಲ.

ಬೋರ್ಡನ್ನು ಎಸೆಯಲಿಲ್ಲ. ಒಳ್ಳೆಯ ಮರ. ಬಣ್ಣದ ಬದಿ ಕೆಳಗೆ ಮಾಡಿ ಕತ್ತಿಯಕ್ಕನ ಮೇಜಿಗೆ ಬಡಿದೆ. ಮಾರನೇ ದಿನದ ತಲೆಗಳನ್ನೆಲ್ಲ ಅವಳು ಅದರ ಮೇಲೆಯೇ ಸೀಳಿದಳು.

ಆ ದಿನ ಹರಾಜು ಮುಗಿದರೂ ಬಾಗಿಲಲ್ಲಿ ಯಾರೂ ಇಲ್ಲ. ಪಾತ್ರೆ ಕುದಿಯುತ್ತಿತ್ತು. ಮೊದಲು ಇಬ್ಬರು ದೋಣಿಯವರು ಬಂದು ಗೋಡೆಯ ಮೇಲಿನ ನಾಲ್ಕು ತೂತು ನೋಡಿ, ಒಳಗೆ ಬರದೆ ಹೊರಗೇ ನಿಂತರು. ಅವರ ಹಿಂದಿನಿಂದ ಬಲೆ ಮಾವ ದಾರಿ ಬಿಡಿಸಿಕೊಂಡು ಬಂದು, ಕೈ ತೊಳೆದು, ತಮ್ಮ ಜಾಗದಲ್ಲಿ ಕೂತರು.

“ನಮ್ದು ಒಂದು.”

ಬಡಿಸಿದೆ. ಆತುರದಲ್ಲಿ ಚಿಟಿಕೆ ಉಪ್ಪು ಮರೆತೆ. ಮಾವ ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದರು.

“ಉಪ್ಪು ಇನ್ನೂ ಮಗಳ ಮನೆಯಲ್ಲೇ ಇದೆಯೇನೇ?”

ಹೊರಗೆ ನಿಂತವರು ನಕ್ಕು ಒಳಗೆ ಬಂದರು. ಬೆಂಚು ತುಂಬಿತು.

ಎಲ್ಲರೂ ಉಂಡು ಎದ್ದ ಮೇಲೆ ತಮ್ಮ ಕೈ ತೊಳೆದು ಬೆಂಚಿನ ತುದಿಯಲ್ಲಿ ಕೂತ. ನನ್ನ ಸಿಟ್ಟು ಇಳಿದಿರಲಿಲ್ಲ. ಬಗ್ಗಿದ ಸೌಟು ಹಿಡಿದುಕೊಂಡೇ, ಏನನ್ನುತ್ತಾನೋ ನೋಡೋಣ ಎಂದು ಕಾದೆ.

“ನಮ್ದು...” ಎಂದು ಶುರುಮಾಡಿ ನಿಲ್ಲಿಸಿದ.

“ನಿಂದಿನ್ನೂ ಆಗಿಲ್ಲ” ಎಂದೆ. “ಮೊದಲು ಆ ಈರುಳ್ಳಿ ಹೆಚ್ಚು. ಎರಡು ಬುಟ್ಟಿ ಇದೆ.”

ಹೆಚ್ಚಲು ಕೂತ. ಕಣ್ಣಲ್ಲಿ ನೀರು ಬಂತು. ಈರುಳ್ಳಿಯದೇ ಇರಬೇಕು. ನಾನು ಒಂದು ತಲೆಯ ಕೆನ್ನೆ ಮಾಂಸ ಬಿಡಿಸಿ, ಅವನ ತಟ್ಟೆಗೆ ಹಾಕಿ, ಅವನಿಗೆ ಕಾಣದಂತೆ ಮುಚ್ಚಿಟ್ಟೆ.