ಮಾವನ ಗಾಳಕ್ಕೆ ಸೊಸೆಯ ಗಂಟು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ನಮ್ಮ ಮಾವನಂಥ ಹಟಮಾರಿಯ ಜೊತೆ ಹನ್ನೆರಡು ವರ್ಷ ಬಾಳಿ ನೋಡಲಿ, ಆಮೇಲೆ ಮಾತಾಡಲಿ.

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಬಿಡುವು ಸಿಕ್ಕರೆ ಕೆರೆಗೆ ಓಟ. ಬೇಸಿಗೆಯಲ್ಲಿ ಮೀನು ತೂಬಿನ ಬಳಿಯ ಆಳಕ್ಕಿಳಿಯುತ್ತದೆ, ಬಿಸಿಲೇರುವ ಮುಂಚೆಯೇ ಗಾಳ ಹಾಕಬೇಕು. ಮೊದಲ ಮಳೆಗೆ ಹಳ್ಳದ ಕೆಂಪು ನೀರು ಬಂದು ಸೇರುವ ಮೂಲೆಗೆ ಹೋಗಬೇಕು, ಎರೆಹುಳು ಸಾಕು. ಚಳಿಗಾಲದಲ್ಲಿ ಅವಸರ ಸಲ್ಲ. ಮಧ್ಯಾಹ್ನ ಬಂಡೆಗಳ ಹತ್ತಿರ ನೀರು ಬೆಚ್ಚಗಾದ ಮೇಲೆ ಚಿಕ್ಕ ಹಿಟ್ಟಿನುಂಡೆ ಬಿಟ್ಟರೆ ಸೋಮಾರಿ ಮೀನೂ ಬಾಯಿ ತೆರೆಯುತ್ತದೆ. ಅವರ ಬಾಯಲ್ಲಿ ಕೇಳಿ ಕೇಳಿ, ಹೊಲಿಗೆ ಯಂತ್ರದ ಮುಂದೆ ಕೂತೇ ಇದೆಲ್ಲ ನನಗೆ ಬಾಯಿಪಾಠವಾಗಿದೆ.

ಈ ವರ್ಷ ಮಳೆ ಬಂತು, ಹೋಯಿತು; ಮಾವ ಕೆರೆಯ ಕಡೆ ತಲೆ ಹಾಕಲಿಲ್ಲ. ಕೇಳಿದರೆ, ಅಲ್ಲಿ ಮೀನೇ ಇಲ್ಲ ಎಂದರು. ಶುದ್ಧ ಸುಳ್ಳು. ಅವರ ಜೊತೆಗಾರ ಕಟಿಂಗ್ ಶಾಪ್ ತಾತ ವಾರ ವಾರ ಮೀನು ತೂಗಾಡಿಸಿಕೊಂಡು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದರು. ಮಾವ ಮಾತ್ರ ಕಿಟಕಿಯ ಬಳಿ ಕೂತು ದಿನ ದೂಡುತ್ತಿದ್ದರು, ಊಟ ಅರ್ಧಕ್ಕೇ ಬಿಡುತ್ತಿದ್ದರು. ನೋಡನೋಡುತ್ತ ಸೊರಗಿಹೋದರು. ನನಗೆ ಭಯವಾಯಿತು.

ಒಂದು ಸಂಜೆ ಮಡಿಸಿದ ಬಟ್ಟೆ ಇಡಲು ಅವರ ಕೋಣೆಗೆ ಹೋದೆ. ಕೊಕ್ಕೆಯ ಕಣ್ಣಿಗೆ ಗಾಳದ ದಾರ ಪೋಣಿಸಲು ಒದ್ದಾಡುತ್ತಿದ್ದರು. ಗಡಿಯಾರದೊಳಗೆ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದ ಬೆರಳುಗಳು ಗಡಗಡ ನಡುಗುತ್ತಿದ್ದವು. ನನ್ನನ್ನು ಕಂಡದ್ದೇ ಕೊಕ್ಕೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡರು. ರಕ್ತ ಬಂತು, ಆದರೂ ಏನಿಲ್ಲ ಎಂದರು.

ಮರುದಿನ ಅವರು ಸ್ನಾನಕ್ಕೆ ಹೋದಾಗ ನಾನೇ ದಾರಕ್ಕೆ ಕೊಕ್ಕೆ ಕಟ್ಟಿಟ್ಟೆ. ಅವರು ಕಂಡುಹಿಡಿಯದೆ ಬಿಟ್ಟಾರೆಯೇ? ಗಾಳದ ಕೋಲನ್ನು ತಂದು ನನ್ನ ಮೇಜಿಗೆ ಒರಗಿಸಿದರು.

"ಇದು ಗುಂಡಿ ಹೊಲಿಯೋ ಗಂಟು. ಮೀನು ಎಳೆದ್ರೆ ಜಾರತ್ತೆ."

"ಜಾರದೆ ಇರೋದನ್ನ ಹೇಳ್ಕೊಡಿ ಮಾವ. ಸುಮ್ನೆ ಮುಖ ಊದಿಸ್ಕೊಂಡು ಕೂರ್ಬೇಡಿ."

ಮೂರು ದಿನ ಕೋಲು ಅಲ್ಲೇ ಒರಗಿಕೊಂಡಿತ್ತು. ನಾಲ್ಕನೆಯ ದಿನ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಐದು ಸುತ್ತು ಸುತ್ತಿ, ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಎಂಜಲು ಹಚ್ಚಿ ಬಿಗಿಯಬೇಕಂತೆ. ನನ್ನ ಹನ್ನೊಂದನೆಯ ಗಂಟನ್ನು ಜಗ್ಗಿ ನೋಡಿ ಹೂಂ ಎಂದರು. ಆದರೆ ಕಟ್ಟುವುದೆಲ್ಲ ಮನೆಯೊಳಗೇ ಆಗಬೇಕು, ತಾತನಿಗೆ ಸುಳಿವೂ ಸಿಗಬಾರದು ಎಂದು ಷರತ್ತು ಹಾಕಿದರು.

ಚಳಿಗಾಲದ ಒಂದು ಮಧ್ಯಾಹ್ನ ಇಬ್ಬರೂ ಕೆರೆಗೆ ಹೋದೆವು. ಬಂಡೆಯ ಬಳಿ ತಾತ ಆಗಲೇ ಕೂತಿದ್ದರು. ಮಾವನಿಗೆ ಎರಡು ಮೀನು ಸಿಕ್ಕವು. ಮೂರನೆಯದು ದೊಡ್ಡದು, ಬಂಡೆಯ ಸಂದಿಗೆ ನುಗ್ಗಿ, ದಾರ ಕಡಿದು, ಕೊಕ್ಕೆಯ ಸಮೇತ ಹೋಗಿಬಿಟ್ಟಿತು.

ಇವತ್ತಿಗೆ ಮುಗಿಯಿತೇ ಎಂದು ತಾತ ಕೇಳಿದರು. ಮಾವ ಬರಿಯ ದಾರ ಹಿಡಿದು ಕೂತರು. ಹೂಂ ಎಂದುಬಿಟ್ಟರೆ ಇನ್ನೆಂದೂ ಇತ್ತ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನಾಗಿ ಕೈ ಚಾಚಿದರೆ ಅವರ ಮಾನ ಹೋಗುತ್ತದೆ. ತುಟಿ ಕಚ್ಚಿ ನೀರು ನೋಡುತ್ತಿದ್ದೆ. ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದವಳಲ್ಲ.

ಮಾವ ಜೇಬಿನಿಂದ ಇನ್ನೊಂದು ಕೊಕ್ಕೆ ತೆಗೆದರು. ನಡುಗುವ ಕೈಯನ್ನು ಬಚ್ಚಿಡದೆ ನನ್ನ ಮುಂದೆ ಹಿಡಿದರು.

"ನನ್ನ ಕೈಲಿ ಈಗ ಆಗಲ್ಲ ಕಣಯ್ಯ, ಇವಳೇ ಕಟ್ಟೋದು," ಎಂದು ತಾತನಿಗೆ ಹೇಳಿ ನನ್ನ ಕಡೆ ತಿರುಗಿದರು. "ನಿಧಾನವಾಗಿ ಕಟ್ಟಮ್ಮ. ಬಿಸಿಲು ಇನ್ನೂ ಇದೆ."

ಕಣ್ಣು ಮಂಜಾಗಿ, ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು.